ಹಿಮಾಲಯಕ್ಕೆ ಕಳುಹಿಸುವ ಕೆಲಸ

ನಾನು ಜನರನ್ನು ಹಿಮಾಲಯಕ್ಕೆ ಕರೆದುಕೊಂಡು ಹೋದವಳಲ್ಲ, ಕಳುಹಿಸಿದವಳು. ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕರೆದುಕೊಂಡು ಹೋಗುವವರ ಕೈಯಲ್ಲಿ ಹಗ್ಗ, ಕೋಲು, ವಾಕಿಟಾಕಿ ಇರುತ್ತವೆ. ಫೋಟೊಗಳಲ್ಲಿ ಇರುವವರೂ ಅವರೇ. ನನ್ನ ಕೆಲಸ ಸಮುದ್ರಮಟ್ಟದ್ದು. ಡೊಂಬಿವಲಿ ಪಶ್ಚಿಮದಲ್ಲಿ ಒಂದು ಕಟ್ಟಡದ ಹಿಂದಿನ ಗ್ಯಾರೇಜಿನಲ್ಲಿ ಶುರುವಾಗಿ, ಉತ್ತರಕ್ಕೆ ಹೋಗುವ ರೈಲು ನಿಲ್ಲುವ ಕಲ್ಯಾಣ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಅದು ಮುಗಿಯುತ್ತಿತ್ತು. ರೈಲು ಹೊರಟ ಮೇಲೆ ನಾನು ಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದೆ.

ವಾರದ ದಿನಗಳಲ್ಲಿ ನಾನು ಶಾಲೆಯ ಪಿ.ಟಿ. ಟೀಚರ್. ಭಾನುವಾರ ಮತ್ತು ರಜೆಗಳಲ್ಲಿ ಈ ಚಾರಣ ಸಂಸ್ಥೆಯ ತಯಾರಿ ವಿಭಾಗ ನನ್ನದು. ನನ್ನ ಅಪ್ಪ ಉಡುಪಿಯ ಕಡೆ ಒಂದು ಹಾಸ್ಟೆಲಿನ ವಾರ್ಡನ್. ನಾವು ಮಕ್ಕಳೂ ಆ ಹಾಸ್ಟೆಲಿನ ಗಂಟೆಗೇ ಎದ್ದು, ಗಂಟೆಗೇ ಉಂಡು ಬೆಳೆದವರು. ಆದ್ದರಿಂದ ಹೊತ್ತಿಗೆ ಸರಿಯಾಗಿ ಬಾರದವರ ಮೇಲೆ ನನಗೆ ಮೊದಲಿನಿಂದಲೂ ದಯೆ ಕಡಿಮೆ. ಈಗ ಎರಡೂ ಕೆಲಸಗಳಿಂದ ನಿವೃತ್ತಳಾಗಿದ್ದೇನೆ. ಸಂಸ್ಥೆಯಲ್ಲಿ ತರಬೇತಿ ಕೊಡಲು ಬಂದಿರುವ ಹೊಸಬರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಕೆಲವರು ನಮ್ಮವರ ಮಕ್ಕಳೇ ಆದರೂ ಕನ್ನಡ ಓದಲು ಬಾರದು. ಮನೆಯಲ್ಲಿ ಅಪ್ಪ ಅಮ್ಮ ಓದಿ ಹೇಳಲಿ. ಅಷ್ಟರಮಟ್ಟಿಗೆ ಅವರಿಗೂ ವ್ಯಾಯಾಮವಾಗುತ್ತದೆ.

ತಯಾರಿ ಎಂದರೆ ಬೂಟು, ಜಾಕೆಟ್, ಓಟ, ಬಸ್ಕಿ ಎಂದು ಎಲ್ಲರೂ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಕೆಲಸ ಮಾಡುತ್ತ ಗೊತ್ತಾದದ್ದು ಬೇರೆ. ಎತ್ತರದಲ್ಲಿ ನಮ್ಮವರನ್ನು ಕೆಡವುವುದು ಕಾಲಿನ ಬಲಹೀನತೆಯಲ್ಲ, ಮನೆಯಿಂದ ಹೊತ್ತುಕೊಂಡು ಹೋದ ಅಭ್ಯಾಸ. ಅಭ್ಯಾಸಕ್ಕೆ ಬೆನ್ನಿನ ಸ್ಯಾಕಿನಲ್ಲಿ ತೂಕವಿರುವುದಿಲ್ಲ, ಆದ್ದರಿಂದ ಅದನ್ನು ಯಾರೂ ತೆಗೆದಿಡುವುದಿಲ್ಲ.

ಇದನ್ನು ಮೊದಲು ಕಲಿಸಿದವರು ಶಹಾಡ್‌ನಲ್ಲಿ ಹೋಟೆಲ್ ಇಟ್ಟಿದ್ದ ಒಬ್ಬ ಶೆಟ್ರು. ದಿನವಿಡೀ ನಿಂತೇ ಇರುವ ಜನ, ಕಾಲು ಕಂಬದ ಹಾಗೆ. ಅಭ್ಯಾಸದಲ್ಲಿ ಒಂದು ದಿನ ತಪ್ಪಿಸಿದವರಲ್ಲ. ಹೊರಡುವ ಮುಂಚೆ ಸ್ಯಾಕ್ ತಪಾಸಣೆ ಮಾಡಿದಾಗ ಒಳಗೆ ಕುಚ್ಚಲಕ್ಕಿಯ ಚೀಲ ಸಿಕ್ಕಿತು.

"ಶೆಟ್ರೇ, ಇದು ಎಂತದ್ದು?"

"ಗಂಜಿಗೆ ಟೀಚರ್. ನಿಮ್ಮ ಕ್ಯಾಂಪಿನ ಖಿಚಡಿ ತಿಂದು ನನಗೆ ಬೆಟ್ಟ ಹತ್ತಲಿಕ್ಕೆ ಆಗುವುದಿಲ್ಲ."

"ಅಷ್ಟು ಮೇಲೆ ಇದು ಬೇಯುವುದಿಲ್ಲ. ಅಲ್ಲಿ ನೀರು ಕುದಿಯುತ್ತದೆ, ಆದರೆ ಇಲ್ಲಿಯಷ್ಟು ಬಿಸಿ ಇರುವುದಿಲ್ಲ."

ಶೆಟ್ರು ನನ್ನನ್ನು ಕನಿಕರದಿಂದ ನೋಡಿದರು. "ಟೀಚರ್, ನಿಮ್ಮ ಸೀಟಿಯ ವಿಷಯದಲ್ಲಿ ನಾನು ಮಾತಾಡಿದೆನಾ? ಅಕ್ಕಿ ಬೇಯಿಸುವುದು ನನಗೆ ಬಿಡಿ."

ಬಿಟ್ಟೆ. ನಿಗದಿತ ತೂಕದೊಳಗೆ ಬರುವುದನ್ನು ತಡೆಯುವ ಅಧಿಕಾರ ನನಗಿರಲಿಲ್ಲ. ತಿರುಗಿ ಬಂದವರು ತಾವಾಗಿಯೇ ಗ್ಯಾರೇಜಿಗೆ ಬಂದು ವರದಿ ಒಪ್ಪಿಸಿದರು. "ಒಲೆಯ ಎಣ್ಣೆ ಮುಗಿಯಿತು ಟೀಚರ್, ಅಕ್ಕಿ ಹಾಗೇ ಇತ್ತು. ಕಲ್ಲು. ಅಡಿಗೆಯವನು ನನ್ನ ಮುಖವನ್ನೇ ನೋಡುತ್ತಿದ್ದ. ಹೋಟೆಲಿನವನು ಅಂತ ಬೇರೆ ಹೇಳಿಬಿಟ್ಟಿದ್ದೆ."

"ಖಿಚಡಿ ಹೇಗಿತ್ತು?"

"ಪರವಾಗಿಲ್ಲ. ಈಗ ನಮ್ಮ ಹೋಟೆಲಿನಲ್ಲೂ ಶುರು ಮಾಡಿದ್ದೇವೆ."

ಅಂದಿನಿಂದ ಭಾನುವಾರದ ಅಭ್ಯಾಸ ಮುಗಿದ ಮೇಲೆ ಗ್ಯಾರೇಜಿನಲ್ಲೇ ಕ್ಯಾಂಪಿನ ಊಟ ಮಾಡಿಸಿದೆ. ಬಾಯಿಮಾತಿನಲ್ಲಿ ಹೇಳಿದ್ದು ಬಾಯಲ್ಲೇ ಉಳಿಯುತ್ತದೆ. ಮೇಲೆ ಆಗುವುದನ್ನು ಕೆಳಗೇ ಆಗುವಂತೆ ಮಾಡಬೇಕು. ಹೊಸಬರು ಇದನ್ನು ಗಮನಿಸಿ.

ಎರಡನೆಯ ಅಭ್ಯಾಸ ಅವಸರ. ಡೊಂಬಿವಲಿ, ಕಲ್ಯಾಣದವರಿಗೆ ಮೆಟ್ಟಿಲು ಹತ್ತಲು ಯಾರೂ ಕಲಿಸಬೇಕಾಗಿಲ್ಲ. ಸ್ಟೇಷನ್ನಿನ ಬ್ರಿಜ್ ಮೇಲೆ ಬ್ಯಾಗು ಎದೆಗೆ ಒತ್ತಿಕೊಂಡು, ಮುಂದಿನವನ ಪಕ್ಕದಲ್ಲಿ ನುಸುಳಿ, ಗಾಡಿ ಅಲುಗಾಡುವ ಮೊದಲು ಕೆಳಗಿಳಿಯುವ ಜನ ನಾವು. ನಮ್ಮ ಸಂಸ್ಥೆಯ ಮುಖ್ಯಸ್ಥರು ದಾಮ್ಲೆ ಸರ್, ಬ್ಯಾಂಕಿನಿಂದ ನಿವೃತ್ತರಾದವರು, ಹಳೆಯ ಚಾರಣಿಗರು. ಓಡಿಸಿದಷ್ಟೂ ದಮ್ಮು ಬರುತ್ತದೆ ಎಂಬುದು ಅವರ ನಂಬಿಕೆ. ಓಡಿಸಿದೆ. ಆದರೆ ಮೇಲಿನಿಂದ ತಂಡದ ನಾಯಕರು ಹೇಳಿ ಕಳುಹಿಸುತ್ತಿದ್ದುದು ಒಂದೇ ಮಾತು: ನಿಮ್ಮ ಮುಂಬೈ ಕಡೆಯವರು ಮೊದಲ ದಿನ ಎಲ್ಲರಿಗಿಂತ ಮುಂದೆ, ಮೂರನೆಯ ದಿನ ಹಾಸಿಗೆಯಲ್ಲಿ.

ನಾನು ವಿಧಾನ ಬದಲಿಸಿದೆ. ಖಾರ್‌ಘರ್ ಗುಡ್ಡದಲ್ಲಿ, ಯೇವೂರಿನ ಕಾಡುದಾರಿಯಲ್ಲಿ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಹಾಕಿದೆ. ಅವರನ್ನು ದಾಟಕೂಡದು. ಹತ್ತುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಿರಬೇಕು. ವಾಕ್ಯ ಮಧ್ಯದಲ್ಲಿ ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ದಾಮ್ಲೆ ಸರ್ ಒಂದು ಭಾನುವಾರ ನೋಡಲು ಬಂದು, ಹರಟುತ್ತ ತೆವಳುವ ಆ ಸಾಲನ್ನು ಕಂಡು ಹೇಳಿದರು: "ಬಾಈ, ಇದು ಹಿಮಾಲಯದ ತಯಾರಿಯೋ, ಮದುವೆಯ ವರಾತೋ?" ಮರಾಠಿಯವರು ಟೀಚರನ್ನು ಬಾಈ ಎಂದೇ ಕರೆಯುತ್ತಾರೆ.

"ಮದುವೆಯ ದಿಬ್ಬಣ ಎಲ್ಲಾದರೂ ತಲುಪದೇ ಇದ್ದದ್ದು ನೋಡಿದ್ದೀರಾ ಸರ್?" ಎಂದೆ.

ಅವರು ನಕ್ಕರು, ಆದರೆ ಒಪ್ಪಲಿಲ್ಲ. ಆ ವರ್ಷದ ತಂಡ ಮರಳಿದ ಮೇಲೆ ಒಪ್ಪಿದರು. ದಾಮ್ಲೆ ಸರ್ ಗುಣವೇ ಅದು. ವಾದಕ್ಕೆ ಸೋಲುತ್ತಿರಲಿಲ್ಲ, ಫಲಿತಾಂಶಕ್ಕೆ ಸೋಲುತ್ತಿದ್ದರು. ಅಂಥ ಮೇಲಧಿಕಾರಿ ಸಿಕ್ಕಿದರೆ ಕೆಲಸ ಮಾಡುವುದು ಸುಖ.

ಮೂರನೆಯ ಅಭ್ಯಾಸದ ಕಥೆ ಉದ್ದ. ಅದು ಜಲಜಕ್ಕನದು.

ಜಲಜಕ್ಕ ಕಾಪು ಕಡೆಯವರು. ಡೊಂಬಿವಲಿ ಪೂರ್ವದಲ್ಲಿ ಮನೆ, ಫೋರ್ಟ್‌ನಲ್ಲಿ ಆಫೀಸು. ಗಂಡ ಭಾಸ್ಕರಣ್ಣ ಥಾಣೆಯ ಕೋಪರಿಯಲ್ಲಿ ಒಂದು ಸಣ್ಣ ಹೋಟೆಲಿನ ಪಾಲುದಾರ. ಲೋಕಲ್ ಗಾಡಿಯ ಒಂದೇ ಲೇಡೀಸ್ ಡಬ್ಬಿಯಲ್ಲಿ ಎಷ್ಟೋ ವರ್ಷಗಳಿಂದ ಹೋಗಿಬರುತ್ತಿದ್ದ ಐದು ಜನ ಹೆಂಗಸರು ಒಟ್ಟಿಗೆ ಸಂಸ್ಥೆಗೆ ಹೆಸರು ಕೊಟ್ಟಿದ್ದರು. ಜಲಜಕ್ಕ ಅವರಲ್ಲಿ ಹಿರಿಯರು. ಉಳಿದ ನಾಲ್ವರು ಮರಾಠಿಯವರು, ಅವರ ಮುಂದಾಳು ವೈಶಾಲಿ ಎಂಬ ಬಾಯಿ ಜೋರಿನ ಹೆಂಗಸು. ಆದರೂ ಎಲ್ಲರ ಬಾಯಲ್ಲೂ ಅವರು ಜಲಜಕ್ಕನೇ.

ಯಾಕೆ ಹೋಗಬೇಕು ಎಂದು ನಾನು ಪ್ರತಿಯೊಬ್ಬರನ್ನೂ ಕೇಳುತ್ತಿದ್ದೆ. ಜಲಜಕ್ಕ ಹೇಳಿದರು: "ಟೀಚರ್, ನನ್ನ ಆಯುಷ್ಯ ಪಾರ್ಸಿಕ್ ಗುಡ್ಡದ ಸುರಂಗದ ಒಳಗಿಂದ ಹೋಗಿ ಬಂದು ಮುಗಿಯಿತು. ಒಂದು ಸಲ ಒಂದು ಬೆಟ್ಟವನ್ನು ಮೇಲಿಂದ ದಾಟಬೇಕು." ಆಗ ಫಾಸ್ಟ್ ಗಾಡಿಗಳು ಸುರಂಗದೊಳಗಿಂದಲೇ ಹೋಗುತ್ತಿದ್ದವು.

ಅವರು ಹೆಸರು ಕೊಟ್ಟಿದ್ದ ಚಾರಣದಲ್ಲಿ ಎರಡು ಶಿಖರಗಳ ನಡುವಿನ ಎತ್ತರದ ಪಾಸನ್ನು ದಾಟಿ ಆಚೆ ಕಣಿವೆಗೆ ಇಳಿಯಬೇಕಿತ್ತು. ಅದಕ್ಕೆ ಸಂಸ್ಥೆ ವಯಸ್ಸಿನ ಮಿತಿ ಇಟ್ಟಿತ್ತು. ಆ ಮಿತಿಗೆ ಜಲಜಕ್ಕನಿಗೆ ಉಳಿದಿದ್ದುದು ಒಂದೇ ಬೇಸಿಗೆ. ಈ ವರ್ಷ ದಾಟಬೇಕು, ಇಲ್ಲದಿದ್ದರೆ ಇಲ್ಲ.

ತಯಾರಿಯ ನಡುವೆ ಒಂದು ಪರೀಕ್ಷಾ ಚಾರಣ ಇರುತ್ತದೆ. ಕಲ್ಯಾಣದಿಂದ ಎಸ್.ಟಿ. ಬಸ್ಸಿನಲ್ಲಿ ಮಾಳ್‌ಶೇಜ್ ಘಾಟ್ ಹತ್ತಿ ಇಳಿದು, ಪೂರ್ತಿ ತೂಕ ಹೊತ್ತು ಹರಿಶ್ಚಂದ್ರಗಡ ಏರಬೇಕು. ಈ ಐವರ ಮೇಲೆ ನನಗೆ ಹೆಮ್ಮೆಯೇ ಇತ್ತು. ಹೊತ್ತಿಗೆ ಸರಿಯಾಗಿ ಬರುವವರು, ಹೇಳಿದ್ದನ್ನು ಮಾಡುವವರು, ದೂರು ಹೇಳದವರು. ದೂರು ಹೇಳದಿರುವುದನ್ನು ಆಗ ನಾನು ಗುಣ ಎಂದು ಲೆಕ್ಕ ಹಾಕಿದ್ದೆ.

ಅರ್ಧ ಏರಿದ ಮೇಲೆ ಬಂಡೆಯೊಂದರ ಬಳಿ ಜಲಜಕ್ಕನ ನಡಿಗೆ ಓಲಾಡಿತು. ಕೂರಿಸಿದೆ. ತುಟಿ ಒಣಗಿ ಬೆಳ್ಳಗಾಗಿತ್ತು. ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡರು. ಬಂದದ್ದು ಬರೀ ಪಿತ್ತ.

"ಎಷ್ಟು ಹೊತ್ತಿನಿಂದ ಹೀಗಾಗುತ್ತಿದೆ?"

"ಎಂತದ್ದೂ ಇಲ್ಲ ಟೀಚರ್. ಸ್ವಲ್ಪ ತಲೆ. ಠೀಕ್ ಇದ್ದೇನೆ."

ನೀರು ಕುಡಿಸೋಣವೆಂದು ಅವರ ಸ್ಯಾಕಿನಿಂದ ಬಾಟಲಿ ಎಳೆದರೆ ಅದು ಕತ್ತಿನವರೆಗೆ ತುಂಬಿತ್ತು. ಇನ್ನೊಂದು ಕಡೆಯದೂ ತುಂಬಿತ್ತು.

"ಕುಡಿಯಲೇ ಇಲ್ಲವಾ?"

"ಬಾಯಾರಲಿಲ್ಲ."

"ಬೆಳಿಗ್ಗೆ ಮನೆಯಲ್ಲಿ?"

"ಬೆಳಿಗ್ಗೆ ನಾವು ಯಾರೂ ಕುಡಿಯುವುದಿಲ್ಲ. ಟ್ರೇನ್ ಇರುತ್ತದಲ್ಲ."

"ಇವತ್ತು ಟ್ರೇನ್ ಎಲ್ಲಿದೆ ಮಾರಾಯ್ತಿ? ನೀವು ಕೂತಿರುವುದು ಬಂಡೆಯ ಮೇಲೆ."

ಜಲಜಕ್ಕ ಒಂದು ಕ್ಷಣ ಯೋಚಿಸಿ, "ಅದೂ ಹೌದು" ಎಂದರು. ಉಳಿದವರ ಬಾಟಲಿಗಳನ್ನು ನೋಡಿದೆ. ವೈಶಾಲಿಯದು ಒಂದು ಗುಟುಕು ಕಡಿಮೆ. ಉಳಿದವು ಹಾಗೇ ಇದ್ದವು. ಅವಳು ಹಿಂದಿಯಲ್ಲಿ ವಿವರಿಸಿದಳು: "ಬಾಈ, ಲೋಕಲ್‌ನಲ್ಲಿ ಟಾಯ್ಲೆಟ್ ಇಲ್ಲ. ಮದುವೆಯಾಗಿ ನೌಕರಿಗೆ ಸೇರಿದ ದಿನವೇ ಅತ್ತೆ ಹೇಳಿದ್ದರು, ಆಫೀಸು ತಲುಪುವವರೆಗೆ ನೀರು ಮುಟ್ಟಬೇಡ ಅಂತ. ಈಗ ಬಾಯಾರಿಕೆಯೇ ಆಗುವುದಿಲ್ಲ. ಆದತ್, ಅಭ್ಯಾಸವಾಗಿಹೋಗಿದೆ."

ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಶಾಲೆ ಮನೆಯಿಂದ ನಡೆಯುವ ದೂರ. ಇದುವರೆಗೆ ನನ್ನ ಕೈಯಲ್ಲಿ ತಯಾರಾದ ಹೆಂಗಸರಲ್ಲಿ ಮುಕ್ಕಾಲುಪಾಲು ಲೋಕಲ್‌ನಲ್ಲಿ ಓಡಾಡುವವರು. ಎಲ್ಲರಿಗೂ "ನೀರು ಕುಡಿಯಿರಿ" ಎಂದು ಹೇಳಿದ್ದೆ. ಎಲ್ಲರೂ "ಹ್ಞೂಂ" ಎಂದಿದ್ದರು.

ಹೊಸಬರಿಗೆ ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನೀರು ಕುಡಿದವರಿಗೆ ಎತ್ತರದ ಕಾಯಿಲೆ ಬರುವುದೇ ಇಲ್ಲ ಎಂದಲ್ಲ, ಅವರಿಗೂ ಬರುತ್ತದೆ. ಆದರೆ ನೀರೇ ಕುಡಿಯದವರಿಗೆ ತಲೆ ನೋಯುತ್ತಿರುವುದು ಯಾವುದರಿಂದ ಎಂದು ಮೇಲಿನ ಕ್ಯಾಂಪಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ತಪ್ಪು ತಿಳಿದರೆ ಜೀವಕ್ಕೆ ಅಪಾಯ.

ದಾಮ್ಲೆ ಸರ್ ನಿಯಮ ಸರಳ. ಪರೀಕ್ಷಾ ಚಾರಣದಲ್ಲಿ ಕಾಯಿಲೆ ಬಿದ್ದವರ ಹೆಸರು ತಂಡದಿಂದ ತೆಗೆಯಬೇಕು. ಮುಂದಿನ ವರ್ಷ ಬರಬಹುದು. ಜಲಜಕ್ಕನಿಗೆ ಮುಂದಿನ ವರ್ಷ ಇರಲಿಲ್ಲ.

"ಬಾಈ, ನಿಯಮ ನೀವೇ ಎಲ್ಲರಿಗೂ ಓದಿ ಹೇಳುವವರು" ಎಂದರು ದಾಮ್ಲೆ ಸರ್.

"ಹೌದು. ಆದರೆ ಇದು ಕಾಯಿಲೆಯಲ್ಲ ಸರ್, ಲೋಕಲ್ ಗಾಡಿಯ ಪಾಸ್ ಹೋಲ್ಡರ್‌ಗಳ ಅಭ್ಯಾಸ. ಬಿಡಿಸಿ ತೋರಿಸುತ್ತೇನೆ. ಇನ್ನೊಂದು ಪರೀಕ್ಷೆ ಕೊಡಿ. ನೀವೇ ಬನ್ನಿ."

"ಇನ್ನೊಮ್ಮೆ ಹೀಗಾದರೆ ನಿಮ್ಮ ಮಾತು ಕೇಳುವುದಿಲ್ಲ."

"ಆಗ ನಾನು ಮಾತಾಡುವುದೂ ಇಲ್ಲ."

ಜಲಜಕ್ಕನಿಗೆ ಹೇಳಿದೆ: ನಾಳೆಯಿಂದ ಎದ್ದ ಕೂಡಲೇ ಒಂದು ಲೋಟ, ಹೊರಡುವ ಮುಂಚೆ ಒಂದು ಲೋಟ, ದಾರಿಯಲ್ಲಿ ಗುಟುಕು ಗುಟುಕಾಗಿ. ಅವರಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರು ತುಳುವಿಗೆ ತಿರುಗುತ್ತಿದ್ದರು, ನಾನೂ ತಿರುಗುತ್ತಿದ್ದೆ. ಸಾರಾಂಶವನ್ನು ಕನ್ನಡದಲ್ಲಿ ಹೇಳುವುದಾದರೆ, ಹೇಳುವುದು ಸುಲಭ, ಒಂದು ದಿನ ನನ್ನ ಡಬ್ಬಿಯಲ್ಲಿ ಬಂದು ನೋಡಿ ಎಂದರು. ನ್ಯಾಯವಾದ ಮಾತು. ಶಾಲೆಗೆ ರಜೆ ಹಾಕಿ ಹೋದೆ.

ಹೋಗಿ ನೋಡಿದ ಮೇಲೆ ಗೊತ್ತಾಯಿತು. ಡೊಂಬಿವಲಿಯಲ್ಲಿ ಹತ್ತಿದರೆ ಕೂರಲು ಜಾಗ ಸಿಗುವುದಿಲ್ಲವೆಂದು ಅವರು ಮೊದಲು ಹಿಂದಕ್ಕೆ, ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿ ಅದೇ ಗಾಡಿಯಲ್ಲಿ ಕೂತುಕೊಂಡೇ ಮುಂಬೈ ಕಡೆಗೆ ತಿರುಗುತ್ತಾರೆ. ಐವರಿಗೂ ಕಟ್ಟಿಟ್ಟ ಸೀಟುಗಳು. ಯಾರದು ಕಿಟಕಿ, ಯಾರದು ಮಧ್ಯ, ಯಾರು ಯಾರಿಗೆ ಎಲ್ಲಿ ಎದ್ದು ಕೊಡಬೇಕು ಎಲ್ಲ ನಿಗದಿ. ಕಿಟಕಿ ಜಲಜಕ್ಕನದು. ನಡುವೆ ಇಳಿಯುವುದೆಂದರೆ ಆ ಸೀಟು ಹೋಯಿತು, ಮುಂದಿನ ಗಾಡಿಗೆ ಬಾಗಿಲಲ್ಲಿ ನೇತಾಡಬೇಕು, ಆಫೀಸಿನಲ್ಲಿ ಲೇಟ್ ಮಾರ್ಕ್. ನಾನು ಹೇಳಿದ ಎರಡು ಲೋಟ ನೀರಿಗೆ ಇಷ್ಟು ಬೆಲೆ ಇತ್ತು.

ವಾಪಸ್ ಬರುವಾಗ ನಾನು ಪ್ರತಿ ದೊಡ್ಡ ಸ್ಟೇಷನ್ನಿನಲ್ಲೂ ಇಳಿದು, ಹೆಂಗಸರ ಶೌಚಾಲಯ ಯಾವ ಪ್ಲಾಟ್‌ಫಾರಂನ ಯಾವ ತುದಿಯಲ್ಲಿದೆ, ಲೇಡೀಸ್ ಡಬ್ಬಿ ನಿಲ್ಲುವ ಜಾಗದಿಂದ ಎಷ್ಟು ದೂರ ಎಂದು ನೋಡಿಕೊಂಡು ಬಂದೆ. ಹಿಮಾಲಯದ ತಯಾರಿಗೆ ಇದು ಬೇಕಾಗುತ್ತದೆಂದು ನನ್ನ ತರಬೇತಿ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ವಾರ ಜಲಜಕ್ಕನಿಗೆ ಇಳಿಯದೆ ಥಾಣೆ ದಾಟಲಾಗಲಿಲ್ಲ. ಗಾಡಿ ನಿಲ್ಲುವ ಮೊದಲೇ ಎದ್ದು ನಿಲ್ಲುತ್ತಿದ್ದರು. ಡಬ್ಬಿಯಲ್ಲಿ ದೊಡ್ಡ ಸುದ್ದಿಯಾಯಿತು. ವೈಶಾಲಿ ಗಟ್ಟಿಯಾಗಿ ಕೇಳುತ್ತಿದ್ದಳಂತೆ: "ಜಲಜಕ್ಕಾ, ಥಾಣೆಯಲ್ಲಿ ಯಾರನ್ನು ಇಟ್ಟಿದ್ದೀಯಾ? ಭಾಸ್ಕರಣ್ಣನಿಗೆ ಗೊತ್ತಾ?"

"ಗೊತ್ತು. ಅವರದೇ ಹೋಟೆಲು ಇಲ್ಲಿರುವುದು. ನೀನು ಕಿಟಕಿಯಲ್ಲಿ ಕೂತು ಗಾಳಿ ತಿನ್ನು."

ಕಿಟಕಿ ಆ ವಾರ ವೈಶಾಲಿಯದಾಯಿತು. ಆಫೀಸಿನಲ್ಲಿ ಮೇಲಿನವರು ಕರೆದು, ಇಷ್ಟು ವರ್ಷ ಇಲ್ಲದ ತಡ ಈಗ ಯಾಕೆ ಎಂದು ಕೇಳಿದರು. ಜಲಜಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಸರ್, ನೀರು ಕುಡಿಯುವುದು ಅಭ್ಯಾಸ ಮಾಡುತ್ತಿದ್ದೇನೆ." ಅವರಿಗೆ ಏನು ಹೇಳಬೇಕೆಂದು ತೋಚದೆ ಕಳುಹಿಸಿಬಿಟ್ಟರಂತೆ.

ಕೆಲವು ವಾರಗಳಲ್ಲಿ ದೇಹ ದಾರಿಗೆ ಬಂತು. ಥಾಣೆ ಹೋಗಿ ಘಾಟ್‌ಕೋಪರ್ ಆಯಿತು, ಆಮೇಲೆ ದಾದರ್. ಭಾನುವಾರ ಗ್ಯಾರೇಜಿಗೆ ಬಂದ ಕೂಡಲೇ ಅವರ ವರದಿ: "ಟೀಚರ್, ಈ ವಾರ ಎರಡು ಸಲ ದಾದರ್." ಉಳಿದವರ ಪ್ರಗತಿಯನ್ನು ನಾನು ಏರಿದ ಎತ್ತರದಲ್ಲಿ ಅಳೆಯುತ್ತಿದ್ದೆ, ಜಲಜಕ್ಕನದನ್ನು ಸ್ಟೇಷನ್ನುಗಳಲ್ಲಿ ಅಳೆದೆ. ವೈಶಾಲಿ ಮತ್ತು ಉಳಿದ ಮೂವರೂ ಶುರು ಮಾಡಿದರು. ದಿನಕ್ಕೊಬ್ಬರು ಇಳಿಯುವುದು, ಉಳಿದವರು ಸೀಟು ಬದಲಿಸಿಕೊಳ್ಳುವುದು ಎಂದು ತಾವೇ ಹೊಸ ಪಾಳಿ ಮಾಡಿಕೊಂಡರು. ಒಂದು ದಿನ ಜಲಜಕ್ಕನೇ ಹೇಳಿದರು, ಬೆಳಿಗ್ಗೆ ತಲೆನೋವೆಂದು ವರ್ಷಾನುಗಟ್ಟಲೆ ಮಾತ್ರೆ ನುಂಗುತ್ತಿದ್ದೆ, ಈಗ ಮಾತ್ರೆಯ ಡಬ್ಬಿ ಮುಟ್ಟದೆ ತಿಂಗಳಾಯಿತು ಎಂದು.

ನೀರಿನ ಹಿಂದೆ ಇನ್ನೊಂದು ತೊಂದರೆ ಅಡಗಿತ್ತು. ಬಂಡೆಯ ಬಳಿ ವಾಂತಿ ಮಾಡುತ್ತಲೇ ಅವರು "ಠೀಕ್ ಇದ್ದೇನೆ" ಎಂದಿದ್ದರಲ್ಲ, ಅದು. ಲೋಕಲ್‌ನಲ್ಲಿ ಕಾಲು ತುಳಿದರೂ, ಮೊಣಕೈ ಪಕ್ಕೆಗೆ ಚುಚ್ಚಿದರೂ ಇಳಿಯುವವರೆಗೆ ಬಾಯಿ ಬಿಡದೆ ಅಡ್ಜಸ್ಟ್ ಮಾಡಿಕೊಳ್ಳುವ ಜನ. ಅಷ್ಟು ಎತ್ತರದಲ್ಲಿ ತಲೆನೋವನ್ನು ಹಾಗೆ ಮುಚ್ಚಿಟ್ಟು ಮೇಲಕ್ಕೆ ಹೋದರೆ ಇಳಿಸಿ ತರುವುದು ಕಷ್ಟ. ಹೇಳುವುದನ್ನು ಕಲಿಸುವುದು ಹೇಗೆ?

ನಾನು ಪ್ರಶ್ನೆಯನ್ನು ಬದಲಿಸಿದೆ. ಅದುವರೆಗೆ ಎಲ್ಲ ತರಬೇತುದಾರರ ಹಾಗೆ "ಹೇಗಿದ್ದೀರಿ?" ಎನ್ನುತ್ತಿದ್ದೆ. ಅದಕ್ಕೆ ಉತ್ತರ "ಠೀಕ್" ಎಂದು ಜನರ ನಾಲಿಗೆ ತುದಿಯಲ್ಲೇ ಇರುತ್ತದೆ. ಈಗ "ಎಲ್ಲಿ ನೋಯುತ್ತಿದೆ?" ಎಂದು ಕೇಳತೊಡಗಿದೆ. ನೋವು ಇದ್ದೇ ಇದೆ, ಜಾಗ ಮಾತ್ರ ಹೇಳಿ ಎಂಬ ಧಾಟಿಯಲ್ಲಿ. "ಎಲ್ಲೂ ಇಲ್ಲ" ಎಂಬ ಉತ್ತರಕ್ಕೆ ಇಪ್ಪತ್ತು ಬಸ್ಕಿ.

ಮೊದಲು ನಗು, ಆಮೇಲೆ ಸಂಕೋಚ, ಆಮೇಲೆ ಮಾತು ಬಂತು. ವೈಶಾಲಿಯ ಎಡ ಮೊಣಕಾಲು ಎರಡು ವರ್ಷದಿಂದ ನೋಯುತ್ತಿತ್ತೆಂದು ಆಗಲೇ ಗೊತ್ತಾದದ್ದು. ಜಲಜಕ್ಕನ ಸರದಿ ಬಂದಾಗ ಅವರು ನೇರ ನಿಂತು ಪಾಠ ಒಪ್ಪಿಸಿದರು: "ಬಲಗಾಲ ಹೆಬ್ಬೆರಳು. ಎಡ ಭುಜ, ಪಟ್ಟಿ ಉಜ್ಜುತ್ತದೆ. ಮತ್ತೆ ಎರಡು ಕಿವಿ."

"ಕಿವಿ ಯಾಕೆ?"

"ನಿಮ್ಮ ಸೀಟಿ ಟೀಚರ್."

ಎರಡನೆಯ ಪರೀಕ್ಷೆಗೆ ದಾಮ್ಲೆ ಸರ್ ಬಂದರು. ದಾರಿಯುದ್ದಕ್ಕೂ ಜಲಜಕ್ಕನ ಹಿಂದೆಯೇ ನಡೆದರು. ಮೇಲೆ ತಲುಪಿದ ಮೇಲೆ ಅವರ ಬಾಟಲಿಗಳನ್ನು ಕೇಳಿ ತೆಗೆದುಕೊಂಡು ತಲೆಕೆಳಗೆ ಹಿಡಿದರು. ಹನಿ ಇರಲಿಲ್ಲ. ಹೆಸರು ಉಳಿಯಿತು. ಇಳಿಯುವಾಗ ನನ್ನ ಪಕ್ಕಕ್ಕೆ ಬಂದು ಹೇಳಿದರು: "ಬಾಈ, ನೀರು ಸರಿಹೋಯಿತು. ಇಲ್ಲಿ ನಿಮ್ಮ ಮುಂದೆ ನೋವು ಹೇಳುತ್ತಾರೆ, ಅದೂ ಸರಿ. ಅಲ್ಲಿ ಪಾಸ್ ಕಣ್ಣೆದುರು ಇರುವಾಗ ಹೇಳುತ್ತಾರಾ? ಹೇಳಿದರೆ ಮೇಲೆ ಬಿಡುವುದಿಲ್ಲ ಎಂದು ಗೊತ್ತಿದ್ದೂ?"

 ಅದಕ್ಕೆ ಕೆಳಗೆ ಪರೀಕ್ಷೆ ಇಲ್ಲ.

ಕಲ್ಯಾಣದಲ್ಲಿ ಐವರನ್ನೂ ರೈಲು ಹತ್ತಿಸಿದೆ. ಭಾಸ್ಕರಣ್ಣ ಬುತ್ತಿ ಕೊಟ್ಟರು. ಗಾಡಿ ಹೊರಟ ಮೇಲೆ, "ಟೀಚರ್, ಇವಳು ಮನೆಯಲ್ಲಿ ಈಗ ನನಗೂ ಎಲ್ಲಿ ನೋಯುತ್ತದೆ ಅಂತ ಕೇಳುತ್ತಾಳೆ. ಹೇಳದಿದ್ದರೆ ಚಹಾ ಇಲ್ಲ" ಎಂದರು. ಆಮೇಲೆ ಸುದ್ದಿ ಇಲ್ಲ. ಬೇಸ್ ಕ್ಯಾಂಪ್ ದಾಟಿದ ಮೇಲೆ ಫೋನು ನಡೆಯುವುದಿಲ್ಲ. ಈ ಕೆಲಸಕ್ಕೆ ಬರುವವರು ಆ ದಿನಗಳನ್ನು ಕಳೆಯಲು ಏನಾದರೂ ಕೈಕೆಲಸ ಇಟ್ಟುಕೊಳ್ಳಬೇಕು. ನಾನು ಕಪಾಟುಗಳನ್ನು ಒರೆಸುತ್ತಿದ್ದೆ.

ಮರಳುವ ದಿನ ಬೆಳಿಗ್ಗೆ ಭಾಸ್ಕರಣ್ಣ ಮತ್ತು ನಾನು ಕಲ್ಯಾಣದ ಪ್ಲಾಟ್‌ಫಾರಂನಲ್ಲಿದ್ದೆವು. ಅವರ ಕೈಯಲ್ಲಿ ಹೋಟೆಲಿನಿಂದ ತಂದ ಇಡ್ಲಿಯ ಡಬ್ಬಿ. ಗಾಡಿ ಬಂತು. ಬಿಸಿಲಿಗೆ ಮುಖ ಕಪ್ಪಾದ ನಾಲ್ವರು ಇಳಿದರು. ಐದನೆಯವರು ಇಳಿಯಲಿಲ್ಲ.

ಭಾಸ್ಕರಣ್ಣ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು, ಅಷ್ಟೇ. ವೈಶಾಲಿ ಓಡಿ ಬಂದು ಮೊದಲು ಅವರಿಗೇ ಹೇಳಿದಳು: "ಜಲಜಕ್ಕ ಠೀಕ್ ಇದ್ದಾಳೆ. ನಾಳೆಯ ಗಾಡಿಗೆ ಬರುತ್ತಾಳಂತೆ. ಬೇಸ್ ಕ್ಯಾಂಪಿನ ಆಫೀಸಿಗೆ ವಾಕಿಟಾಕಿಯಲ್ಲಿ ಸಂದೇಶ ಬಂದಿತ್ತು. ಫೋನಿನಲ್ಲಿ ಹೇಳಿದರೆ ಗಾಬರಿಯಾಗುತ್ತೀರಿ ಎಂದು ಮಾಡಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿತ್ತು.

ನಡೆದದ್ದು ಇಷ್ಟು. ಪಾಸಿನ ಕೆಳಗಿನ ಕೊನೆಯ ಕ್ಯಾಂಪಿನಲ್ಲಿ ಸಂಜೆ ತಂಡದ ನಾಯಕ ಎಲ್ಲರನ್ನೂ ನಿಲ್ಲಿಸಿ, ಯಾರಿಗಾದರೂ ತಲೆನೋವೇ ಎಂದು ಕೇಳಿದ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಇತ್ತು. ಎಲ್ಲರೂ ಇಲ್ಲ ಎಂದರು. ಜಲಜಕ್ಕ ಕೈ ಎತ್ತಿದರು. ಮಧ್ಯಾಹ್ನದಿಂದ ಹಣೆಯಲ್ಲಿ ನೋಯುತ್ತಿದೆ, ಊಟ ಸೇರಲಿಲ್ಲ, ನೀರು ಸರಿಯಾಗಿ ಕುಡಿದಿದ್ದೇನೆ ಎಂದರು. ನಾಯಕ ಅವರನ್ನು ಕ್ಯಾಂಪಿನವರೊಡನೆ ಅಲ್ಲೇ ಉಳಿಸಿದ. ತಲೆನೋವು ಪೂರ್ತಿ ಹೋಗಿ ಊಟ ಸೇರಿದರೆ, ಒಂದು ದಿನ ಹಿಂದೆ ಬರುತ್ತಿರುವ ತಂಡದೊಡನೆ ಮೇಲೆ. ಇಲ್ಲದಿದ್ದರೆ ಬಂದ ದಾರಿಯಲ್ಲೇ ಕೆಳಗೆ.

"ನಾನು ಕೈ ಹಿಡಿದು ಎಳೆದೆ ಬಾಈ. ಬೋಲೂ ನಕೋ, ಹೇಳಬೇಡ, ಒಂದು ರಾತ್ರಿಯ ಮಾತು ಎಂದೆ. ಕೇಳಲಿಲ್ಲ. ಅಷ್ಟು ಹತ್ತಿರ ಬಂದು. ನೀವು ಹೇಳಿಕೊಟ್ಟಿದ್ದಕ್ಕೆ ಹೀಗಾಯಿತು."

"ದಾಟಿದಳಾ, ಇಲ್ಲವಾ?" ಎಂದು ಭಾಸ್ಕರಣ್ಣ ಕೇಳಿದರು.

"ಅದು ಸಂದೇಶದಲ್ಲಿ ಇರಲಿಲ್ಲ."

ಮರುದಿನ ಅದೇ ಪ್ಲಾಟ್‌ಫಾರಂ, ಅದೇ ಹೊತ್ತು, ಹೊಸ ಇಡ್ಲಿ. ಭಾಸ್ಕರಣ್ಣ ಗಾಡಿ ಬರುವ ಕಡೆಗೇ ನೋಡುತ್ತಿದ್ದರು. ಒಮ್ಮೆ ಮಾತ್ರ, "ದಾಟದಿದ್ದರೆ ನೀವು ಮೊದಲು ಮಾತಾಡಿಸಿ ಟೀಚರ್, ನನಗೆ ಏನು ಹೇಳಬೇಕೆಂದು ಗೊತ್ತಾಗುವುದಿಲ್ಲ" ಎಂದರು. 

ಜಲಜಕ್ಕ ಕೊನೆಯ ಬಾಗಿಲಿನಿಂದ ಇಳಿದರು. ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಸ್ಯಾಕನ್ನು ಗಂಡನಿಗೆ ಕೊಡದೆ ತಾವೇ ಹೊತ್ತುಕೊಂಡು ನಮ್ಮ ಹತ್ತಿರ ಬಂದು ನಿಂತರು.

"ದಾಟಿದೆ" ಎಂದರು. "ಎದುರಿಗೇ ಹೇಳಬೇಕೆಂದು ಫೋನು ಮಾಡಲಿಲ್ಲ."

ಭಾಸ್ಕರಣ್ಣ ಡಬ್ಬಿಯ ಮುಚ್ಚಳ ತೆಗೆದರು. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು ಜಲಜಕ್ಕ ತಿನ್ನುತ್ತ ಹೇಳಿದರು. ಕ್ಯಾಂಪಿನಲ್ಲೇ ಉಳಿದ ಆ ದಿನ ಮಧ್ಯಾಹ್ನದ ಹೊತ್ತಿಗೆ ಅವರ ತಲೆ ಸರಿಹೋಗಿತ್ತು, ಎರಡು ಸಲ ಖಿಚಡಿ ಹಾಕಿಸಿಕೊಂಡಿದ್ದರು. ಸಂಜೆಗೆ ಹಿಂದಿನ ತಂಡ ಬಂದು ಸೇರಿತು. ಎಲ್ಲ ಕಾಲೇಜಿನ ಮಕ್ಕಳು. ಅವರ ನಾಯಕನೂ ಹಾಗೇ ಸಾಲಾಗಿ ನಿಲ್ಲಿಸಿ ಕೇಳಿದ. ಒಬ್ಬರೂ ಬಾಯಿ ಬಿಡಲಿಲ್ಲ.

"ನನಗೆ ನಮ್ಮ ಡಬ್ಬಿಯೇ ನೆನಪಾಯಿತು ಟೀಚರ್. ಒಂದೊಂದು ಮುಖ ನೋಡಿದರೇ ಗೊತ್ತಾಗುತ್ತದೆ. ನಾನು ಎದ್ದು ಹಿಂದಿಯಲ್ಲಿ ಹೇಳಿದೆ, ಮಕ್ಕಳೇ, ನಿನ್ನೆ ಇಲ್ಲಿ ಕೈ ಎತ್ತಿದವಳು ನಾನೇ. ನನ್ನನ್ನು ಯಾರೂ ಮನೆಗೆ ಕಳುಹಿಸಲಿಲ್ಲ. ಉಂಡೆ, ಮಲಗಿದೆ, ನಾಳೆ ನಿಮ್ಮ ಜೊತೆ ಬರುತ್ತೇನೆ. ಈಗ ಎಲ್ಲಿ ನೋಯುತ್ತದೆ ಹೇಳಿ. ಮೂರು ಕೈ ಮೇಲೆ ಬಂತು. ಇಬ್ಬರದು ನನ್ನ ಹಾಗೇ. ಒಂದು ಹುಡುಗಿಗೆ ಮಾತ್ರ ನೆಟ್ಟಗೆ ನಡೆಯಲಿಕ್ಕೇ ಆಗುತ್ತಿರಲಿಲ್ಲ. ಗೆಳತಿಯ ಭುಜ ಹಿಡಿದು ನಿಂತಿದ್ದಳು ಪಾಪ. ಅವಳನ್ನು ಕತ್ತಲಾಗುವ ಮುಂಚೆಯೇ ಇಬ್ಬರು ಹಿಡಿದುಕೊಂಡು ಕೆಳಗಿನ ಕ್ಯಾಂಪಿಗೆ ಇಳಿಸಿದರು."

"ಮೇಲೆ ಹೇಗಿತ್ತು?" ಎಂದು ಭಾಸ್ಕರಣ್ಣ ಕೇಳಿದರು.

"ಮೋಡ. ಏನೂ ಕಾಣಲಿಲ್ಲ. ವೈಶಾಲಿಯವರು ಹೋದ ದಿನ ಒಳ್ಳೆ ಬಿಸಿಲಂತೆ." ಇನ್ನೊಂದು ಇಡ್ಲಿ ತೆಗೆದುಕೊಂಡರು. "ನಿಂತು ಬಂದೆ. ಸಾಕು."

ಅಷ್ಟರಲ್ಲಿ ದಾಮ್ಲೆ ಸರ್ ಫೋನು ಬಂತು. ತಂಡ ಮರಳಿದಾಗ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ದಾಟಿದರಾ ಎಂದು. ದಾಟಿದರು ಎಂದೆ. ನಡೆದದ್ದನ್ನೂ ಹೇಳಿದೆ. 

"ಆ ಹುಡುಗಿ ಈಗ ಹೇಗಿದ್ದಾಳೆ ಬಾಈ?"

 ಫೋನನ್ನು ಕಿವಿಯಿಂದ ತೆಗೆದು ಜಲಜಕ್ಕನನ್ನು ಕೇಳಿದೆ. ಅವರು ಕೈ ಒರೆಸಿಕೊಂಡರು.

"ನಿನ್ನೆ ಗಾಡಿಯಿಂದ ಅವಳ ಅಮ್ಮನಿಗೆ ಫೋನ್ ಮಾಡಿದೆ. ಮನೆಗೆ ಬರುತ್ತಿದ್ದಾಳಂತೆ, ದಾರಿಯಲ್ಲಿ ಊಟ ಮಾಡಿದಳಂತೆ."